ಗಾಳಿ ಎಲ್ಲಿ ಸೋರುತ್ತಿದೆ? ಹಾಲು ಕರೆಯುವ ಯಂತ್ರದಲ್ಲೂ, ಹಾಲು ಸಾಗಿಸುವ ಗಾಡಿಯಲ್ಲೂ ಹುಡುಕುವ ಕ್ರಮ



ಹಾಲು ಕರೆಯುವ ಯಂತ್ರ ಇಟ್ಟುಕೊಂಡಿರುವ ಮನೆಗಳಿಗೆ ಹೋದಾಗ ನಾವು ಮತ್ತೆ ಮತ್ತೆ ಕೇಳುವ ಮಾತು ಇದು: “ಮೇಡಂ, ಮೊದಲು ಐದಾರು ನಿಮಿಷಕ್ಕೆ ಒಂದು ಹಸು ಮುಗೀತಿತ್ತು. ಈಗ ಹತ್ತು ನಿಮಿಷ ಆದ್ರೂ ಬಿಡಲ್ಲ. ಕಪ್‌ಗಳು ಜಾರಿ ಜಾರಿ ಬೀಳ್ತವೆ. ಪಂಪ್ ಹೋಗಿದೆ ಅಂತಾರೆ, ಹೊಸದು ಹಾಕಿಸ್ಬೇಕಾ?”

ಪಂಪ್ ಸವೆದು ಹೋಗಿರುವುದೂ ಉಂಟು. ಆದರೆ ಆ ತೀರ್ಮಾನಕ್ಕೆ ಬರುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಗಾಳಿ ಎಲ್ಲಾದರೂ ಸೋರುತ್ತಿದೆಯೇ? ಹಳೆಯದಾದ ಒಂದು ರಬ್ಬರ್ ಬಳೆ, ಇಲಿ ಕಚ್ಚಿದ ಒಂದು ಪೈಪ್, ಮುಚ್ಚಳದ ಅಂಚಿಗೆ ಸಿಕ್ಕಿಕೊಂಡ ಒಂದು ಹುಲ್ಲುಕಡ್ಡಿ. ಇಷ್ಟು ಸಾಕು, ಒಳ್ಳೆಯ ಪಂಪ್ ಕೂಡ ಕೆಟ್ಟ ಪಂಪಿನಂತೆ ಕಾಣಲು. ಸೋರಿಕೆಯನ್ನು ಕಂಡುಹಿಡಿಯಲು ದೊಡ್ಡ ಉಪಕರಣ ಬೇಕಿಲ್ಲ. ನಿಮ್ಮ ಕಿವಿ, ಒಂದು ಊದುಬತ್ತಿ, ಯಂತ್ರದಲ್ಲೇ ಇರುವ ಗೇಜ್ ಮತ್ತು ಒಂದು ಕ್ರಮ ಇದ್ದರೆ ಸಾಕು. ಆ ಕ್ರಮವೇ ಈ ಸಂಚಿಕೆಯ ಪಾಠ. ಕೊನೆಯಲ್ಲಿ, ಹಾಲು ಮತ್ತು ಮೇವು ಸಾಗಿಸುವ ಟರ್ಬೊ ಗಾಡಿಗೂ ಇದೇ ಕ್ರಮ ಹೇಗೆ ಹೊಂದುತ್ತದೆ ಎಂಬುದನ್ನೂ ನೋಡೋಣ.

ಯಂತ್ರ ಹಾಲನ್ನು ಹೇಗೆ ಎಳೆಯುತ್ತದೆ?

ಕರು ಹಾಲು ಕುಡಿಯುವುದನ್ನು ನೆನಪಿಸಿಕೊಳ್ಳಿ. ತೊಟ್ಟನ್ನು ಬಾಯಲ್ಲಿ ಬಿಗಿಯಾಗಿ ಹಿಡಿದು ಎಳೆಯುತ್ತದೆ. ನುಂಗುವಾಗ ಒಂದು ಕ್ಷಣ ಎಳೆತ ಸಡಿಲವಾಗುತ್ತದೆ, ಮತ್ತೆ ಎಳೆಯುತ್ತದೆ. ಯಂತ್ರ ಮಾಡುವುದೂ ಇದನ್ನೇ. ಪಂಪ್ ಪೈಪ್ ಮತ್ತು ಬಕೆಟ್ಟಿನೊಳಗಿನ ಗಾಳಿಯನ್ನು ಹೊರಗೆ ತೆಗೆದು ವ್ಯಾಕ್ಯೂಮ್, ಅಂದರೆ ಎಳೆತ, ಉಂಟುಮಾಡುತ್ತದೆ. ಆ ಎಳೆತಕ್ಕೆ ತೊಟ್ಟಿನ ತುದಿ ತೆರೆದು ಹಾಲು ಹರಿಯುತ್ತದೆ. ಪಲ್ಸೇಟರ್ ಎಂಬ ಪುಟ್ಟ ಭಾಗ ಒಮ್ಮೆ ಎಳೆತ, ಒಮ್ಮೆ ಬಿಡುವು ಎಂದು ಕಪ್ಪಿನೊಳಗಿನ ರಬ್ಬರ್ ಲೈನರ್ ಅನ್ನು ಬಿಚ್ಚಿ ಹಿಚುಕುತ್ತದೆ. ನಿಮಿಷಕ್ಕೆ ಸುಮಾರು 60 ಬಾರಿ ಹೀಗಾಗುತ್ತದೆ. ಈ ಬಿಡುವಿನಲ್ಲಿ ತೊಟ್ಟಿನೊಳಗೆ ರಕ್ತಸಂಚಾರ ಸರಾಗವಾಗುತ್ತದೆ. ಬಿಡುವಿಲ್ಲದೆ ಎಳೆದರೆ ತೊಟ್ಟಿನಲ್ಲಿ ರಕ್ತ ಕಟ್ಟಿಕೊಳ್ಳುತ್ತದೆ, ಹಸು ನೋವಿನಿಂದ ಒದೆಯುತ್ತದೆ.

ಎಳನೀರಿಗೆ ಸ್ಟ್ರಾ ಹಾಕಿ ಹೀರುವಾಗ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ಎಷ್ಟು ಹೀರಿದರೂ ಬಾಯಿಗೆ ಬರುವುದು ಗಾಳಿ, ನೀರಲ್ಲ. ಯಂತ್ರದಲ್ಲೂ ಹಾಗೆಯೇ. ಹೊರಗಿನ ಗಾಳಿ ಸಂದಿಯಿಂದ ಒಳನುಗ್ಗಿದರೆ ಪಂಪಿನ ಶಕ್ತಿಯೆಲ್ಲ ಆ ಗಾಳಿಯನ್ನು ಹೊರಹಾಕುವುದಕ್ಕೇ ಖರ್ಚಾಗುತ್ತದೆ. ಹಾಲು ಎಳೆಯಲು ಉಳಿಯುವುದು ಸ್ವಲ್ಪವೇ.

ಹಸುವಿಗೆ ಯಂತ್ರ ಕೊಡಬೇಕಾದ ಎಳೆತ ಸಾಮಾನ್ಯವಾಗಿ 42ರಿಂದ 50 ಕಿಲೋಪ್ಯಾಸ್ಕಲ್. ಇಂಚಿನ ಗುರುತಿರುವ ಗೇಜ್‌ನಲ್ಲಿ ಇದು ಸುಮಾರು 12ರಿಂದ 15 ಇಂಚು. ಆದರೆ ನಿಮ್ಮ ಯಂತ್ರದ ಕೈಪಿಡಿಯಲ್ಲಿ ಬರೆದ ಅಂಕಿಯೇ ನಿಮಗೆ ಪ್ರಮಾಣ. ಎಮ್ಮೆಗೆ ಬಳಸುವವರು ಎಮ್ಮೆಗೆ ಹೇಳಿದ ಅಂಕಿಯನ್ನೇ ನೋಡಿ.

ಸೋರಿಕೆಯಿಂದ ಹಸುವಿಗೆ ಏನು ತೊಂದರೆ?

ಎಳೆತ ಕಡಿಮೆಯಾದರೆ ಹಾಲು ನಿಧಾನವಾಗಿ ಇಳಿಯುತ್ತದೆ. ತೊರೆ ಬಿಟ್ಟ ಮೇಲೆ ಹಸು ಕೆಲವೇ ನಿಮಿಷ ಸರಾಗವಾಗಿ ಹಾಲು ಕೊಡುತ್ತದೆ. ಆ ಸಮಯ ಮೀರಿದರೆ ಕೆಚ್ಚಲಲ್ಲೇ ಹಾಲು ಉಳಿಯುತ್ತದೆ. ಕಪ್‌ಗಳ ಹಿಡಿತ ಸಡಿಲವಾಗಿ ‘ಕೀಂಯ್’ ಎಂದು ಸದ್ದು ಮಾಡುತ್ತಾ ಜಾರುತ್ತವೆ.

ಈ ‘ಕೀಂಯ್’ ಸದ್ದನ್ನು ಅಲಕ್ಷ್ಯ ಮಾಡಬೇಡಿ. ಒಂದು ಕಪ್ಪಿನ ಬಾಯಿಯಿಂದ ಗಾಳಿ ದಿಢೀರನೆ ಒಳನುಗ್ಗಿದಾಗ ಕೆಳಗೆ ಕ್ಲಾದಲ್ಲಿರುವ ಹಾಲಿನ ಹನಿಗಳು ಚಿಮ್ಮಿ ಉಳಿದ ತೊಟ್ಟುಗಳ ತುದಿಗೆ ಬಡಿಯುತ್ತವೆ. ಆ ಹೊತ್ತಿಗೆ ತೊಟ್ಟಿನ ರಂಧ್ರ ತೆರೆದೇ ಇರುತ್ತದೆ. ಒಂದು ತೊಟ್ಟಿನಲ್ಲಿ ರೋಗಾಣು ಇದ್ದರೆ ಅದು ಇನ್ನೊಂದಕ್ಕೆ ದಾಟುವುದು ಹೀಗೆ. ಎಲ್ಲ ಕೆಚ್ಚಲು ಬಾವಿಗೂ ಯಂತ್ರವೇ ಕಾರಣವಲ್ಲ. ಕೊಟ್ಟಿಗೆಯ ಕೊಳಕು, ತೊಳೆಯದ ಕೈ, ಕರೆದ ತಕ್ಷಣ ಹಸು ಮಲಗುವುದು, ಇವೂ ಕಾರಣಗಳೇ. ಆದರೆ ಎಲ್ಲ ಶುಚಿಯಾಗಿದ್ದೂ ಬಾವು ಮರುಕಳಿಸುತ್ತಿದ್ದರೆ ಯಂತ್ರದ ಕಡೆ ನೋಡಲೇಬೇಕು. ಬಾವಿನಿಂದ ಒಂದು ತೊಟ್ಟು ಶಾಶ್ವತವಾಗಿ ಬತ್ತಿದರೆ ಆ ಹಸುವಿನ ಬೆಲೆ, ಹಾಲು, ಎರಡೂ ಹೋದಂತೆ.

ಇನ್ನೊಂದು ನಷ್ಟ ಹಾಲಿನ ಗುಣಮಟ್ಟದ್ದು. ಹಾಲಿನ ಕೊಳವೆಯಲ್ಲಿ ಗಾಳಿ ಬೆರೆತರೆ ಹಾಲು ಕಲಕಿ ನೊರೆ ಏಳುತ್ತದೆ. ಹಾಗೆ ಕಲಕಿದಾಗ ಜಿಡ್ಡಿನ ಕಣಗಳು ಒಡೆದು ಹಾಲಿಗೆ ಕಮಟು ವಾಸನೆ ಬರಬಹುದು.

ರೆಗ್ಯುಲೇಟರ್ ತಿರುಗಿಸಬೇಡಿ

ಎಳೆತ ಕಡಿಮೆ ಎಂದು ಕಂಡ ಕೂಡಲೇ ಕೆಲವರು ರೆಗ್ಯುಲೇಟರಿನ ತಿರುಪು ಬಿಗಿದು ಮುಳ್ಳನ್ನು ಮೇಲೇರಿಸುತ್ತಾರೆ. ಕೆಲಸ ನಡೆಯುತ್ತದೆ, ನಿಜ. ಆದರೆ ಸೋರಿಕೆ ಅಲ್ಲೇ ಇರುತ್ತದೆ. ಒಂದು ದಿನ ಮುಚ್ಚಳ ಸರಿಯಾಗಿ ಕೂತು ಸೋರಿಕೆ ತಾನಾಗಿಯೇ ನಿಂತರೆ ಎಳೆತ ಒಮ್ಮೆಲೇ ಮಿತಿ ಮೀರುತ್ತದೆ. ಕಪ್ ತೆಗೆದಾಗ ತೊಟ್ಟು ಕೆಂಪಗೆ ಅಥವಾ ನೀಲಿಯಾಗಿ ಕಂಡರೆ, ಮುಟ್ಟಿದರೆ ಗಟ್ಟಿಯಾಗಿದ್ದರೆ, ದಿನ ಕಳೆದಂತೆ ತುದಿಯಲ್ಲಿ ಬಿಳಿ ಒರಟು ಉಂಗುರ ಮೂಡಿದರೆ, ಅತಿಯಾದ ಎಳೆತವನ್ನು ಅನುಮಾನಿಸಿ. ಅಂಥ ಒರಟು ತುದಿಯಲ್ಲಿ ರೋಗಾಣು ಸುಲಭವಾಗಿ ನೆಲೆ ನಿಲ್ಲುತ್ತದೆ.

ಸೋರುವ ಬಿಂದಿಗೆಗೆ ಇನ್ನಷ್ಟು ನೀರು ಸುರಿಯುವುದಲ್ಲ, ತೂತು ಮುಚ್ಚಬೇಕು. ತಿರುಪಿಗೆ ಕೈ ಹಾಕುವುದು ಕೊನೆಯ ಕೆಲಸ, ಅದೂ ತಂತ್ರಜ್ಞರ ಎದುರಿಗೆ.

ಬೇಕಾದ ಸದ್ದು, ಬೇಡದ ಸದ್ದು

ಹುಡುಕಲು ಹೊರಡುವ ಮೊದಲು ಇದನ್ನು ತಿಳಿದಿರಬೇಕು. ಯಂತ್ರದಲ್ಲಿ ಮೂರು ಕಡೆ ಗಾಳಿ ಒಳಬರಲೆಂದೇ ದಾರಿ ಇಟ್ಟಿರುತ್ತಾರೆ. ಇವು ಸೋರಿಕೆಯಲ್ಲ, ಮುಚ್ಚಬಾರದು.

1. ಪಲ್ಸೇಟರ್: ಪ್ರತಿ ಬಡಿತಕ್ಕೂ ‘ಟುಸ್, ಟುಸ್’ ಎಂದು ಗಾಳಿ ತೆಗೆದುಕೊಳ್ಳುತ್ತದೆ.

2. ಕ್ಲಾದ ಸೂಜಿರಂಧ್ರ: ನಾಲ್ಕು ಕಪ್‌ಗಳ ಹಾಲು ಸೇರುವ ಬಟ್ಟಲಿನಲ್ಲಿ ಸುಮಾರು 1 ಮಿಲಿಮೀಟರಿನಷ್ಟು ಸಣ್ಣ ರಂಧ್ರ ಇರುತ್ತದೆ. ಕೆಲವು ಯಂತ್ರಗಳಲ್ಲಿ ಇದು ಲೈನರ್‌ನಲ್ಲೇ ಇರುತ್ತದೆ. ಅಲ್ಲಿಂದ ಬರುವ ಒಂಚೂರು ಗಾಳಿಯೇ ಹಾಲನ್ನು ಬಕೆಟ್ಟಿನ ಕಡೆಗೆ ತಳ್ಳುವುದು. ಇದು ಕಟ್ಟಿಕೊಂಡರೆ ಕ್ಲಾ ತುಂಬಿ ತೊಟ್ಟುಗಳು ಹಾಲಿನಲ್ಲೇ ನೆನೆಯುತ್ತವೆ. ದಪ್ಪ ಪಿನ್ನು ಹಾಕಿ ದೊಡ್ಡದು ಮಾಡಿದರೆ ಅದೇ ಸೋರಿಕೆಯಾಗುತ್ತದೆ. ಯಂತ್ರದ ಜೊತೆ ಕೊಟ್ಟ ತೆಳು ಸೂಜಿಯಿಂದಷ್ಟೇ ಸ್ವಚ್ಛ ಮಾಡಿ.

3. ರೆಗ್ಯುಲೇಟರ್: ಎಳೆತ ನಿಗದಿತ ಮಟ್ಟ ಮುಟ್ಟಿದ ಮೇಲೆ ಹೆಚ್ಚಾದದ್ದನ್ನು ತಗ್ಗಿಸಲು ‘ಸುಯ್’ ಎಂದು ಹೊರಗಿನ ಗಾಳಿ ಬಿಟ್ಟುಕೊಳ್ಳುತ್ತದೆ.

ಈ ಮೂರನೆಯ ಸದ್ದನ್ನು ಚೆನ್ನಾಗಿ ಗುರುತಿಟ್ಟುಕೊಳ್ಳಿ. ರೆಗ್ಯುಲೇಟರ್ ‘ಸುಯ್’ ಎನ್ನುತ್ತಿದೆ ಎಂದರೆ ಪಂಪಿನ ಬಳಿ ಇನ್ನೂ ಉಳಿಕೆ ಶಕ್ತಿ ಇದೆ ಎಂದರ್ಥ. ಸ್ವಸಹಾಯ ಸಂಘದ ಖಾತೆಯಲ್ಲಿರುವ ಉಳಿತಾಯ ಇದ್ದ ಹಾಗೆ. ಸಣ್ಣ ಸೋರಿಕೆ ಶುರುವಾದಾಗ ಗೇಜಿನ ಮುಳ್ಳು ಇಳಿಯುವುದಿಲ್ಲ, ಮೊದಲು ಈ ಉಳಿತಾಯ ಕರಗುತ್ತದೆ. ರೆಗ್ಯುಲೇಟರಿನ ಸದ್ದು ದಿನದಿಂದ ದಿನಕ್ಕೆ ಕ್ಷೀಣಿಸುತ್ತದೆ. ಸದ್ದು ಪೂರ್ತಿ ನಿಂತ ಮೇಲಷ್ಟೇ ಮುಳ್ಳು ಇಳಿಯಲು ಶುರು. ಆದ್ದರಿಂದ “ಗೇಜ್ ಸರಿಯಾಗಿಯೇ ಇದೆಯಲ್ಲ” ಎಂದು ಸುಮ್ಮನಿರಬೇಡಿ. ಗೇಜಿಗಿಂತ ಮೊದಲು ಸುಳಿವು ಸಿಗುವುದು ನಿಮ್ಮ ಕಿವಿಗೆ.

ಹುಡುಕುವ ಮುನ್ನ ಎಚ್ಚರಿಕೆ

ಪರೀಕ್ಷೆಯನ್ನು ಹಸುವಿಗೆ ಕಪ್ ಹಾಕಿ ಮಾಡಬೇಡಿ. ಕಪ್‌ಗಳ ಬಾಯಿಗೆ ಶುಚಿಯಾದ ರಬ್ಬರ್ ಬಿರಡೆ ಹಾಕಿ.

ಪಂಪಿನ ಬೆಲ್ಟಿಗೆ ಕವಚ ಇರಲೇಬೇಕು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ದುಪ್ಪಟ್ಟಾ ತೆಗೆದಿಡಿ, ಜಡೆ ಕಟ್ಟಿ. ಬೆಲ್ಟ್, ಪುಲ್ಲಿ ಮುಟ್ಟುವ ಮೊದಲು ಸ್ವಿಚ್ ಆರಿಸಿ, ಪ್ಲಗ್ಗನ್ನೂ ಕಿತ್ತಿಡಿ. ಒದ್ದೆ ಕೈಯಲ್ಲಿ, ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಮೋಟಾರ್ ಮುಟ್ಟಬೇಡಿ.

ಪರೀಕ್ಷೆಯನ್ನು ಕರೆದು ಮುಗಿದ ಮೇಲೆ, ಯಂತ್ರ ತೊಳೆಯುವ ಮೊದಲು ಮಾಡಿ. ಆಮೇಲೆ ಎಂದಿನಂತೆ ಪೂರ್ತಿ ತೊಳೆದರೆ ಪರೀಕ್ಷೆಯ ಧೂಳು, ಹೊಗೆ ಮುಂದಿನ ಹಾಲಿಗೆ ಸೇರುವುದಿಲ್ಲ.

ಮೂರು ಅಂಕಿಗಳ ಪರೀಕ್ಷೆ

ಸೋರಿಕೆಯನ್ನು ಎಲ್ಲೆಂದರಲ್ಲಿ ಹುಡುಕಿದರೆ ದಿನವೆಲ್ಲ ಹೋಗುತ್ತದೆ. ಮನೆಯಲ್ಲಿ ಕೀಲಿಕೈ ಕಳೆದಾಗ ಒಂದೊಂದೇ ಕೋಣೆ ನೋಡಿ ಬಾಗಿಲು ಹಾಕುತ್ತಾ ಬರುತ್ತೇವಲ್ಲ, ಹಾಗೆ ಯಂತ್ರವನ್ನೂ ಭಾಗ ಮಾಡಿ ನೋಡಬೇಕು. ಗೇಜ್ ಪಂಪಿನ ಬಳಿ ಇರುವ ಬಕೆಟ್ ಯಂತ್ರಗಳಿಗೆ ಈ ಕ್ರಮ ಹೊಂದುತ್ತದೆ.

ಮೊದಲ ಅಂಕಿ: ಪಂಪಿನಿಂದ ಬರುವ ಪೈಪನ್ನು ಬಕೆಟ್ ಮುಚ್ಚಳದಿಂದ ಬಿಚ್ಚಿ. ಅದರ ಬಾಯಿಗೆ ಬಿರಡೆ ಹಾಕಿ ಪಂಪ್ ಶುರು ಮಾಡಿ. ಮುಳ್ಳು ನಿಂತ ಮೇಲೆ ಅಂಕಿ ಬರೆದುಕೊಳ್ಳಿ. ರೆಗ್ಯುಲೇಟರ್ ಸದ್ದನ್ನೂ ಕೇಳಿ.

ಎರಡನೆಯ ಅಂಕಿ: ಪೈಪನ್ನು ಮುಚ್ಚಳಕ್ಕೆ ಜೋಡಿಸಿ. ಕ್ಲಾಕ್ಕೆ ಹೋಗುವ ದಾರಿಯನ್ನು ಅದರ ಕೀಲಿಯಿಂದ ಮುಚ್ಚಿ. ಮತ್ತೆ ಅಂಕಿ ಬರೆಯಿರಿ.

ಮೂರನೆಯ ಅಂಕಿ: ಕಪ್‌ಗಳಿಗೆ ಬಿರಡೆ ಹಾಕಿ ಕ್ಲಾದ ಕೀಲಿ ತೆರೆಯಿರಿ. ಅಂಕಿ ಬರೆಯಿರಿ.

ಯಂತ್ರ ಆರೋಗ್ಯವಾಗಿದ್ದರೆ ಮೂರೂ ಅಂಕಿಗಳು ಹೆಚ್ಚುಕಡಿಮೆ ಒಂದೇ ಇರುತ್ತವೆ. ಒಂದೆರಡು ಕಿಲೋಪ್ಯಾಸ್ಕಲ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹುಡುಕಬೇಕು. ರೆಗ್ಯುಲೇಟರ್ ಸದ್ದು ಮೂರನೆಯ ಹಂತದಲ್ಲಿ ಸ್ವಲ್ಪ ಕಡಿಮೆಯಾಗಬಹುದು, ಆದರೆ ಪೂರ್ತಿ ನಿಲ್ಲಬಾರದು.

ಈಗ ಅಂಕಿಗಳನ್ನು ಓದುವ ಬಗೆ. ಮೊದಲ ಅಂಕಿಯೇ ಕಡಿಮೆ ಇದ್ದರೆ ತೊಂದರೆ ಪಂಪಿನ ಕಡೆ: ಬೆಲ್ಟ್ ಸಡಿಲ, ಎಣ್ಣೆ ಕಡಿಮೆ, ರೆಗ್ಯುಲೇಟರಿನಲ್ಲಿ ಧೂಳು ಕೂತು ಅದು ಪೂರ್ತಿ ಮುಚ್ಚುತ್ತಿಲ್ಲ, ವ್ಯಾಕ್ಯೂಮ್ ಟ್ಯಾಂಕಿನ ಅಡಿಯ ರಬ್ಬರ್ ಮುಚ್ಚಳ ಸರಿಯಾಗಿ ಕೂತಿಲ್ಲ, ಅಥವಾ ಪಂಪ್ ನಿಜವಾಗಿಯೂ ಸವೆದಿದೆ. ವೋಲ್ಟೇಜ್ ಕಡಿಮೆ ಇದ್ದರೂ ಮೋಟಾರ್ ನಿಧಾನವಾಗಿ ತಿರುಗಿ ಅಂಕಿ ಇಳಿಯುತ್ತದೆ. ಕರೆಂಟ್ ಚೆನ್ನಾಗಿರುವ ಹೊತ್ತಿನಲ್ಲಿ ಇನ್ನೊಮ್ಮೆ ನೋಡಿ.

ಮೊದಲ ಅಂಕಿ ಸರಿಯಿದ್ದು ಎರಡನೆಯದು ಇಳಿದರೆ ಪಂಪ್ ಚೆನ್ನಾಗಿದೆ. ತೊಂದರೆ ಬಕೆಟ್, ಮುಚ್ಚಳ ಅಥವಾ ಪಲ್ಸೇಟರಿನದು. ಎರಡೂ ಸರಿಯಿದ್ದು ಮೂರನೆಯದು ಇಳಿದರೆ ಕ್ಲಾ, ಲೈನರ್, ಸಣ್ಣ ಕೊಳವೆಗಳನ್ನು ನೋಡಿ.

ಒಂದು ಉದಾಹರಣೆ. ಮೊದಲ ಅಂಕಿ 48, ಎರಡನೆಯದು 48, ಮೂರನೆಯದು 39 ಬಂತೆನ್ನಿ. ಈ ಮೂರು ಅಂಕಿಗಳೇ ಹೇಳುತ್ತಿವೆ, ಪಂಪ್ ಬದಲಿಸಿದರೆ ದುಡ್ಡು ದಂಡ. ಸೋರಿಕೆ ಇರುವುದು ಕ್ಲಾದಿಂದ ಆಚೆಗೆ. ಈ ಲೆಕ್ಕ ಬರೆದ ಚೀಟಿಯನ್ನು ರಿಪೇರಿಯವರ ಕೈಗೆ ಕೊಟ್ಟರೆ ಯಾರೂ ಊಹೆಯ ಮೇಲೆ ಭಾಗ ಬದಲಿಸಲಾರರು.

ಜಾಗ ಹಿಡಿಯುವುದು: ಕಿವಿ, ಹೊಗೆ, ಕಣ್ಣು

ಭಾಗ ಗೊತ್ತಾದ ಮೇಲೆ ಸರಿಯಾದ ಜಾಗ ಹಿಡಿಯುವುದು ಕಷ್ಟವಲ್ಲ.

ಕಿವಿ: ಒಂದು ಮೊಳ ಉದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಕಿವಿಯ ಬಳಿ ಹಿಡಿದು, ಇನ್ನೊಂದು ತುದಿಯನ್ನು ಪ್ರತಿ ಜೋಡಣೆಯ ಸುತ್ತ ಆಡಿಸಿ. ಡಾಕ್ಟರ ಕೊಳವೆಯಂತೆ ಅದು ಸಣ್ಣ ಸದ್ದನ್ನೂ ಹಿಡಿದುಕೊಡುತ್ತದೆ. ತಿರುಗುವ ಬೆಲ್ಟಿನ ಬಳಿ ಮಾತ್ರ ಇದನ್ನು ಒಯ್ಯಬೇಡಿ.

ಹೊಗೆ: ಫ್ಯಾನ್ ಆರಿಸಿ, ಊದುಬತ್ತಿ ಹಚ್ಚಿ, ಮುಚ್ಚಳದ ಸುತ್ತ ಮತ್ತು ಪೈಪಿನ ಜೋಡಣೆಗಳ ಬಳಿ ನಿಧಾನವಾಗಿ ತನ್ನಿ. ನೆಟ್ಟಗೆ ಏಳುತ್ತಿದ್ದ ಹೊಗೆ ಎಲ್ಲಿ ಬಾಗಿ ಒಳಗೆ ಎಳೆದುಕೊಳ್ಳುತ್ತದೋ ಅಲ್ಲೇ ಸಂದಿ. ಒಣ ಹುಲ್ಲಿನ ಹತ್ತಿರ ಇದನ್ನು ಮಾಡಬೇಡಿ.

ಸೋಪಿನ ನೀರು ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಟ್ಯೂಬಿನ ಪಂಕ್ಚರಿನಲ್ಲಿ ಗಾಳಿ ಹೊರಗೆ ಬರುವುದರಿಂದ ಗುಳ್ಳೆ ಏಳುತ್ತದೆ. ಹಾಲು ಕರೆಯುವ ಯಂತ್ರದಲ್ಲಿ ಗಾಳಿ ಒಳಗೆ ಹೋಗುತ್ತದೆ. ಗುಳ್ಳೆ ಏಳುವ ಬದಲು ಸೋಪೇ ಒಳಸೇರುತ್ತದೆ.

ಕಣ್ಣು: ಬೆಳಕಿನಲ್ಲಿ ಒಂದೊಂದೇ ಭಾಗ ನೋಡಿ.

ಮುಚ್ಚಳದ ಗ್ಯಾಸ್ಕೆಟ್: ಒಣಗಿ ಗಟ್ಟಿಯಾಗಿದೆಯೇ? ಅಂಚಿಗೆ ಕೂದಲು, ಹುಲ್ಲು ಸಿಕ್ಕಿದೆಯೇ? ಬಕೆಟ್ಟಿನ ಬಾಯಿ ಪೆಟ್ಟು ಬಿದ್ದು ನಗ್ಗಿದೆಯೇ?

ಪೈಪಿನ ತುದಿಗಳು: ಎಳೆದು ಎಳೆದು ಬಾಯಿ ಅಗಲವಾಗಿರುತ್ತದೆ, ಅಥವಾ ಬಿರುಕು ಬಿಟ್ಟಿರುತ್ತದೆ. ಪೈಪ್ ನೆಲದಲ್ಲಿ ಬಿದ್ದಿದ್ದರೆ ಇಲಿ ಕಚ್ಚಿದ ಗುರುತು ನೋಡಿ.

ಸಣ್ಣ ಗಾಳಿ ಕೊಳವೆಗಳು: ಕ್ಲಾದಿಂದ ಕಪ್ಪಿಗೆ ಹೋಗುವ ಇವನ್ನು ಬೆರಳಲ್ಲಿ ಬಗ್ಗಿಸಿ ನೋಡಿ. ನೇರವಿದ್ದಾಗ ಕಾಣದ ಸೀಳು ಬಗ್ಗಿಸಿದಾಗ ಬಾಯಿ ಬಿಡುತ್ತದೆ. ಇಲ್ಲಿ ಸೋರಿದರೆ ಆ ಒಂದು ಕಪ್ಪಿನ ಲೈನರ್ ಸರಿಯಾಗಿ ಬಿಚ್ಚಿ ಹಿಚುಕುವುದಿಲ್ಲ.

ಲೈನರ್: ಗಾಳಿ ಕೊಳವೆಯೊಳಗೆ ಹಾಲು ಕಂಡರೆ ಲೈನರ್ ತೂತಾಗಿದೆ ಎಂದೇ ತಿಳಿಯಿರಿ. ಆ ಹಾಲು ಪಲ್ಸೇಟರ್ ತನಕ ಹೋದರೆ ಅದೂ ಕೆಡುತ್ತದೆ.

ಕೊನೆಗೆ, ಶುಚಿಯಾದ ಹೆಬ್ಬೆರಳನ್ನು ಒಂದೊಂದೇ ಕಪ್ಪಿನೊಳಗೆ ಇಡಿ. ಹಿಚುಕಿ ಬಿಡುವ ಬಡಿತ ನಾಲ್ಕರಲ್ಲೂ ಒಂದೇ ರೀತಿ ಇರಬೇಕು. ಅರ್ಧ ನಿಮಿಷಕ್ಕೆ ಸುಮಾರು 30 ಬಡಿತ ಎಣಿಸಬೇಕು.

ಸರಿಪಡಿಸುವಾಗ

ಪೈಪಿನ ತುದಿ ಮಾತ್ರ ಬಿರುಕು ಬಿಟ್ಟಿದ್ದರೆ ಅರ್ಧ ಇಂಚು ನೇರವಾಗಿ ಕತ್ತರಿಸಿ ಮತ್ತೆ ಹಾಕಿ. ಗ್ಯಾಸ್ಕೆಟ್, ಸಣ್ಣ ಕೊಳವೆ, ಲೈನರ್ ಹಾಳಾಗಿದ್ದರೆ ಹೊಸದೇ ಬೇಕು. ಹಾಲು ತಾಗುವ ಭಾಗಕ್ಕೆ ಟೇಪು, ಪಂಕ್ಚರ್ ಪಟ್ಟಿ, ಗೋಂದು ಹಚ್ಚಲೇಬೇಡಿ. ಅದರ ಸಂದಿಯಲ್ಲಿ ಕೂತ ಹಾಲು ತೊಳೆದರೂ ಹೋಗದು. ರೋಗಾಣು ಬೆಳೆದು ಹಾಲು ಬೇಗ ಕೆಡುತ್ತದೆ.

ರಬ್ಬರ್ ಲೈನರಿಗೆ ಆಯಸ್ಸಿದೆ. ಸಾಮಾನ್ಯ ಲೆಕ್ಕ 2,500 ಕರಾವು ಅಥವಾ 6 ತಿಂಗಳು, ಯಾವುದು ಮೊದಲೋ ಅದು. ಒಂದೇ ಸೆಟ್ಟಿನಲ್ಲಿ 8 ಹಸು, ದಿನಕ್ಕೆ ಎರಡು ಹೊತ್ತು ಕರೆದರೆ ದಿನಕ್ಕೆ 16 ಕರಾವು. 2,500ನ್ನು 16ರಿಂದ ಭಾಗಿಸಿದರೆ 156 ದಿನ, ಅಂದರೆ ಐದು ತಿಂಗಳ ಚಿಲ್ಲರೆ. 3 ಹಸು ಇರುವವರಿಗೆ ದಿನಕ್ಕೆ 6 ಕರಾವು, ಲೆಕ್ಕದಲ್ಲಿ ವರ್ಷ ದಾಟುತ್ತದೆ. ಆದರೂ ಕೊಬ್ಬು, ಬಿಸಿನೀರು, ತೊಳೆಯುವ ಪುಡಿಗೆ ರಬ್ಬರ್ ಸೊರಗುವುದರಿಂದ 6 ತಿಂಗಳಿಗೆ ಬದಲಿಸಿ. ನಾಲ್ಕನ್ನೂ ಒಟ್ಟಿಗೇ ಬದಲಿಸಬೇಕು. ಕೈಪಿಡಿಯಲ್ಲಿ ಬೇರೆ ಲೆಕ್ಕ ಇದ್ದರೆ ಅದನ್ನೇ ಅನುಸರಿಸಿ.

ಇದೇ ಪಾಠ ಗಾಡಿಗೂ

ಹಾಲಿನ ಕ್ಯಾನ್ ಸಾಗಿಸುವ, ಮೇವು ತರುವ ಡೀಸೆಲ್ ಪಿಕಪ್‌ಗಳಲ್ಲಿ ಟರ್ಬೊ ಇಂಜಿನ್ ಸಾಮಾನ್ಯ. ಮನೆಯ ಕಾರಿನಲ್ಲೂ ಇರಬಹುದು. ಸಾಲ ಮಾಡಿ ಕೊಂಡ ಗಾಡಿ ಏರಿನಲ್ಲಿ ಏದುಸಿರು ಬಿಟ್ಟರೆ, ಹಾಲು ಹೊತ್ತಿಗೆ ಸರಿಯಾಗಿ ಶೀತಲೀಕರಣಕ್ಕೆ ತಲುಪದಿದ್ದರೆ, ಚಿಂತೆ ಮನೆಯವರೆಲ್ಲರದು. ಆಗಲೂ ಬೇಗ ಕೇಳಿಬರುವ ಮಾತು “ಟರ್ಬೊ ಹೋಗಿದೆ, ಹೊಸದು ಹಾಕಬೇಕು.” ಪಂಪಿನ ಕಥೆಯೇ ಇಲ್ಲೂ.

ಟರ್ಬೊ ಎಂದರೆ ಒಂದೇ ದಂಡದ ಎರಡು ತುದಿಯಲ್ಲಿ ಎರಡು ಪುಟ್ಟ ಚಕ್ರ. ಇಂಜಿನ್ನಿನ ಹೊಗೆಯ ರಭಸಕ್ಕೆ ಒಂದು ತಿರುಗುತ್ತದೆ, ಇನ್ನೊಂದು ಹೊರಗಿನ ಗಾಳಿಯನ್ನು ಒತ್ತಿ ಇಂಜಿನ್ನಿಗೆ ತುಂಬುತ್ತದೆ. ಸಣ್ಣ ಗಾಡಿಗಳ ಟರ್ಬೊ ನಿಮಿಷಕ್ಕೆ 1 ಲಕ್ಷ ಸುತ್ತನ್ನೂ ಮೀರಿ ತಿರುಗಬಲ್ಲದು. ಹೀಗೆ ಒತ್ತಿ ತುಂಬುವ ಗಾಳಿಯ ಒತ್ತಡಕ್ಕೆ ಬೂಸ್ಟ್ ಎನ್ನುತ್ತಾರೆ. ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಬಿಸಿಯಾಗುವಂತೆ ಒತ್ತಿದ ಗಾಳಿಯೂ ಬಿಸಿಯಾಗುತ್ತದೆ. ಅದನ್ನು ಇಂಟರ್‌ಕೂಲರ್ ಎಂಬ ಜಾಲರಿಯಲ್ಲಿ ತಣಿಸಿ ಇಂಜಿನ್ನಿಗೆ ಕಳಿಸುತ್ತಾರೆ. ಟರ್ಬೊದಿಂದ ಇಂಟರ್‌ಕೂಲರ್, ಅಲ್ಲಿಂದ ಇಂಜಿನ್, ಈ ದಾರಿಯಲ್ಲಿ ರಬ್ಬರ್ ಪೈಪ್‌ಗಳೂ ಕ್ಲಿಪ್‌ಗಳೂ ಇರುತ್ತವೆ. ಕ್ಲಿಪ್ ಸಡಿಲವಾದರೆ, ಪೈಪ್ ಸೀಳಿದರೆ ಬೂಸ್ಟ್ ಸೋರುತ್ತದೆ.

ಹಾಲಿನ ಯಂತ್ರದಲ್ಲಿ ಗಾಳಿ ಒಳಗೆ ಸೋರುತ್ತದೆ, ಇಲ್ಲಿ ಹೊರಗೆ. ಉಳಿದದ್ದೆಲ್ಲ ಒಂದೇ. ನಿಂತಲ್ಲಿ ಇಂಜಿನ್ ಓಡುವಾಗ ಬೂಸ್ಟ್ ಇಲ್ಲದಷ್ಟು ಕಡಿಮೆ, ಹಾಗಾಗಿ ಎಲ್ಲ ಸರಿಯಾಗಿಯೇ ಕಾಣುತ್ತದೆ. ಹೊರೆ ಹೇರಿ ಏರು ಹತ್ತುವಾಗ ತೊಂದರೆ ಬಯಲಾಗುತ್ತದೆ: ಎಳೆಯುವ ಶಕ್ತಿ ಕಡಿಮೆ, ‘ಸುಯ್’ ಎಂಬ ಹೊಸ ಸದ್ದು, ಹಾಕಿದ ಡೀಸೆಲ್ ಪೂರ್ತಿ ಉರಿಯಲು ಗಾಳಿ ಸಾಲದೆ ಕಪ್ಪು ಹೊಗೆ, ಮೈಲೇಜ್ ಇಳಿತ. ಕೆಲವು ಗಾಡಿಗಳಲ್ಲಿ ಇಂಜಿನ್ನಿನ ಎಚ್ಚರಿಕೆ ದೀಪ ಹತ್ತುತ್ತದೆ. ಏರ್ ಫಿಲ್ಟರ್ ಕಟ್ಟಿಕೊಂಡರೂ ಇಂಥ ಲಕ್ಷಣ ಬರುವುದರಿಂದ ಮೊದಲು ಅದನ್ನು ನೋಡಿ.

ಆಮೇಲೆ ಇಂಜಿನ್ ಆರಿಸಿ, ಪೂರ್ತಿ ತಣ್ಣಗಾದ ಮೇಲೆ ಪೈಪಿನ ದಾರಿಯನ್ನು ಕಣ್ಣಲ್ಲೇ ಹಿಂಬಾಲಿಸಿ. ಆ ಗಾಳಿಯಲ್ಲಿ ಒಂಚೂರು ಎಣ್ಣೆಯ ತುಂತುರು ಇರುತ್ತದೆ. ಸೋರುವ ಜಾಗದಲ್ಲಿ ಅದು ಹೊರಬಿದ್ದು ಧೂಳು ಅಂಟಿ ಒದ್ದೆ ಕಪ್ಪು ಗುರುತಾಗುತ್ತದೆ. ಪೈಪಿನ ಅಡಿಭಾಗವನ್ನೂ ಹಿಚುಕಿ ನೋಡಿ, ಸೀಳು ಹೆಚ್ಚಾಗಿ ಅಡಗುವುದು ಅಲ್ಲೇ. ಕ್ಲಿಪ್ ಸಡಿಲವಿದ್ದರೆ ಬಿಗಿಸಿದರೆ ಮುಗಿಯಿತು.

ಕಣ್ಣಿಗೆ ಕಾಣದಿದ್ದರೆ ಒತ್ತಡದ ಪರೀಕ್ಷೆ. ಇದು ಗ್ಯಾರೇಜಿನ ಕೆಲಸ. ಇಂಜಿನ್ ಆರಿಸಿ, ಏರ್ ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪ್ ಬಿಚ್ಚಿ, ಟರ್ಬೊದ ಬಾಯಿಗೆ ಗಾಳಿ ತುಂಬುವ ಬಿರಡೆ ಬಿಗಿದು, ಅಳತೆಯಿಟ್ಟು ಸುಮಾರು ಮುಕ್ಕಾಲರಿಂದ 1 ಬಾರ್ ತನಕ ನಿಧಾನವಾಗಿ ಗಾಳಿ ತುಂಬುತ್ತಾರೆ. ಪ್ರತಿ ಜೋಡಣೆಗೂ ಸೋಪಿನ ನೀರು ಚಿಮುಕಿಸುತ್ತಾರೆ. ಇಲ್ಲಿ ಗಾಳಿ ಹೊರಗೆ ಬರುವುದರಿಂದ ಸೋರುವಲ್ಲಿ ಗುಳ್ಳೆ ಏಳುತ್ತದೆ. ಪಂಕ್ಚರ್ ಅಂಗಡಿಯ ಗಾಳಿಯನ್ನು ಅಳತೆಯಿಲ್ಲದೆ ನೇರವಾಗಿ ಬಿಡಬಾರದು. ಬಿರಡೆ ಗುಂಡಿನಂತೆ ಹಾರಿ ಮುಖಕ್ಕೆ ಬಡಿಯಬಹುದು. ಇಂಜಿನ್ ಓಡುವಾಗ ಟರ್ಬೊ ಬಳಿ ಕೈ ಹಾಕಬಾರದು, ಅದು ಸುಡುವಷ್ಟು ಕಾದಿರುತ್ತದೆ. ಇಲ್ಲೂ ಬೇಕಾದ ಸದ್ದು, ಬೇಡದ ಸದ್ದು ಇದೆ: ತುಂಬಿದ ಗಾಳಿ ಸ್ವಲ್ಪ ಇಂಜಿನ್ನಿನೊಳಗೆ ಇಳಿದು ಎಣ್ಣೆ ಹಾಕುವ ಬಾಯಿಯಲ್ಲಿ ಕೇಳಿಸಿದರೆ ಅದೊಂದನ್ನೇ ದೋಷ ಎನ್ನಲಾಗದು. ಹುಡುಕಬೇಕಾದದ್ದು ಪೈಪು, ಕ್ಲಿಪ್ಪು, ಇಂಟರ್‌ಕೂಲರಿನ ಅಂಚುಗಳಲ್ಲಿ.

ಮೆಕ್ಯಾನಿಕ್ ಬಳಿ ನೀವು ಹೇಳಬೇಕಾದದ್ದು ಒಂದೇ ಮಾತು: “ಅಣ್ಣಾ, ಟರ್ಬೊ ಬದಲಿಸೋ ಮುಂಚೆ ಪೈಪಿಗೆ ಗಾಳಿ ತುಂಬಿ, ಸೋಪಿನ ನೀರು ಹಾಕಿ ತೋರಿಸಿ.” ಕೇಳಲು ಸಂಕೋಚ ಬೇಡ. ದುಡ್ಡು ನಿಮ್ಮದು.

ಅಮಾವಾಸ್ಯೆಗೊಮ್ಮೆ ತಪಾಸಣೆ

ಅಮಾವಾಸ್ಯೆಯ ದಿನ ಗಾಡಿ ತೊಳೆದು ನಿಂಬೆಹಣ್ಣು ಕಟ್ಟಿ ಪೂಜೆ ಮಾಡುವ ರೂಢಿ ನಮ್ಮಲ್ಲಿ ಅನೇಕರಿಗಿದೆ. ಪೂಜೆಗೆ ಮೊದಲು ಕಾಲು ಗಂಟೆ ಈ ತಪಾಸಣೆಗೆ ಇಡಿ. ತಿಂಗಳಿಗೊಮ್ಮೆ ತಪ್ಪದೆ ಆಗುತ್ತದೆ.

1. ಮೂರು ಅಂಕಿಗಳನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ತಾರೀಖಿನ ಜೊತೆ ಬರೆಯಿರಿ. ಹೋದ ತಿಂಗಳ ಅಂಕಿಯ ಜೊತೆ ಹೋಲಿಸಿ.

2. ರೆಗ್ಯುಲೇಟರ್ ‘ಸುಯ್’ ಎನ್ನುತ್ತಿದೆಯೇ ಕೇಳಿ.

3. ಗ್ಯಾಸ್ಕೆಟ್, ಪೈಪಿನ ತುದಿ, ಸಣ್ಣ ಕೊಳವೆ, ಲೈನರ್ ನೋಡಿ.

4. ಕ್ಲಾದ ಸೂಜಿರಂಧ್ರ ತೆರೆದಿದೆಯೇ ನೋಡಿ.

5. ಹೆಬ್ಬೆರಳಿಟ್ಟು ಬಡಿತ ಎಣಿಸಿ.

6. ಪಂಪಿನ ಎಣ್ಣೆ, ಬೆಲ್ಟ್ ನೋಡಿ.

7. ಗಾಡಿ ಇದ್ದವರು ಗಾಳಿ ಪೈಪಿನ ಕ್ಲಿಪ್‌ಗಳ ಬಳಿ ಎಣ್ಣೆಯ ಗುರುತು ನೋಡಿ.

ದಿನವೂ ಮಾಡಬೇಕಾದದ್ದು ಎರಡು: ಕರೆಯುವ ಮೊದಲು ಪ್ರತಿ ತೊಟ್ಟಿನ ಮೊದಲ ಧಾರೆಗಳನ್ನು ಕಪ್ಪು ತಟ್ಟೆಗೆ ಹಿಂಡಿ ಗರಣೆ ನೋಡುವುದು, ಕಪ್ ತೆಗೆದ ಕೂಡಲೇ ತೊಟ್ಟಿನ ಬಣ್ಣ ನೋಡುವುದು. ಗರಣೆ, ಬಿಸಿ, ಊತ ಕಂಡರೆ ಆ ಹಸುವಿಗೆ ಯಂತ್ರ ಹಾಕಬೇಡಿ, ಆ ಹಾಲನ್ನು ಸಂಘಕ್ಕೆ ಹಾಕಬೇಡಿ. ತಡಮಾಡದೆ ಪಶುವೈದ್ಯರನ್ನು ಕರೆಯಿರಿ. ಸೋರಿಕೆ ಸರಿಪಡಿಸಿದ ಮಾತ್ರಕ್ಕೆ ಬಂದ ಬಾವು ತಾನಾಗಿ ಹೋಗುವುದಿಲ್ಲ.

ಸಹೋದರಿಯರೇ, ಹಸು ಮೇವು ಬಿಟ್ಟರೆ, ಕೂಗಿನಲ್ಲಿ ವ್ಯತ್ಯಾಸವಾದರೆ ಮನೆಯಲ್ಲಿ ಮೊದಲು ಗೊತ್ತಾಗುವುದು ನಿಮಗೆ. ಯಂತ್ರಕ್ಕೂ ಒಂದು ಕೂಗಿದೆ. ಅದು ಚೆನ್ನಾಗಿರುವ ದಿನವೇ ಅದರ ಸದ್ದನ್ನು ಕೇಳಿಟ್ಟುಕೊಳ್ಳಿ, ಮೂರು ಅಂಕಿ ಬರೆದಿಟ್ಟುಕೊಳ್ಳಿ. ಮುಂದೆ ಯಾರಾದರೂ “ಪಂಪ್ ಹೋಗಿದೆ” ಎಂದಾಗ ಪುಸ್ತಕ ತೆಗೆದು ತೋರಿಸಲು ನಿಮ್ಮ ಬಳಿ ಲೆಕ್ಕ ಇರುತ್ತದೆ.